ಬೀದಿ ಕೊನೆಯ ಬಂದೂಕುಧಾರಿ: ಬೆಲ್‌ಫಾಸ್ಟ್‌ನ ಗೋಡೆಯನ್ನು ಅಳಿಸುವವರು ಯಾರು?

ಪ್ರಶ್ನೆ: ನನ್ನ ಮಗಳು ಉತ್ತರ ಐರ್‌ಲೆಂಡಿನ ಬೆಲ್‌ಫಾಸ್ಟ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಮೂರು ತಿಂಗಳು ಅವಳ ಮನೆಯಲ್ಲಿದ್ದು ಈಗಷ್ಟೇ ಹಾಸನಕ್ಕೆ ಮರಳಿದ್ದೇನೆ. ಅವರ ಬೀದಿಯಲ್ಲಿ ಫುಟ್‌ಪಾತಿನ ಅಂಚುಗಲ್ಲಿಗೆಲ್ಲ ಕೆಂಪು, ಬಿಳಿ, ನೀಲಿ ಬಳಿದಿದ್ದಾರೆ. ಕೊನೆಯ ಮನೆಯ ಪಕ್ಕದ ಗೋಡೆ ತುಂಬ ಇಬ್ಬರು ಬಂದೂಕುಧಾರಿಗಳ ಚಿತ್ರ. ಮುಖಕ್ಕೆ ಮಂಕಿ ಕ್ಯಾಪ್, ಕಣ್ಣು ಮಾತ್ರ ಕಾಣುತ್ತದೆ. ಆರು ವರ್ಷದ ಮೊಮ್ಮಗಳು ದಿನಾ ಅದರ ಮುಂದೆಯೇ ಶಾಲೆಗೆ ಹೋಗುತ್ತಾಳೆ. "ಅಜ್ಜಿ, ಇವರು ಕಳ್ಳರಾ, ಪೊಲೀಸರಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಇಂಥ ಚಿತ್ರಗಳನ್ನು ತೋರಿಸಲೆಂದೇ ಟ್ಯಾಕ್ಸಿಗಳು ಪ್ರವಾಸಿಗರನ್ನು ಕರೆತರುತ್ತವೆ. ಶಾಂತಿ ಒಪ್ಪಂದವಾಗಿ ಇಪ್ಪತ್ತೈದು ವರ್ಷ ದಾಟಿತಲ್ಲ, ಸರ್ಕಾರ ಒಂದು ಡಬ್ಬ ಬಣ್ಣ ತಂದು ಅಳಿಸಬಾರದೇಕೆ? ಅಥವಾ ಇವನ್ನೂ ನಮ್ಮ ವೀರಗಲ್ಲುಗಳ ಹಾಗೆ ನೋಡಬೇಕೆ?

ಉತ್ತರ: ನಿಮ್ಮ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರೊಳಗೇ ಇದೆ. ವೀರಗಲ್ಲು ಸತ್ತವನದು. ತುರು ಬಿಡಿಸಿಕೊಳ್ಳಲು ಹೋಗಿ ಕಾದಾಡಿದ, ಮಡಿದ, ಅಪ್ಸರೆಯರು ಕರೆದೊಯ್ದರು, ಶಿವಸನ್ನಿಧಿ ಸೇರಿದ. ಕೆಳಗಿನ ಪಟ್ಟಿಕೆಯಲ್ಲಿ ಶುರುವಾದ ಕಥೆ ಮೇಲಿನ ಪಟ್ಟಿಕೆಯಲ್ಲಿ ಮುಗಿದುಹೋಗುತ್ತದೆ. ನಿಮ್ಮ ಮಗಳ ಬೀದಿಯ ಗೋಡೆ ಮೇಲಿರುವ ಇಬ್ಬರು ಸತ್ತವರಲ್ಲ. ಅವರಿಗೆ ಹೆಸರಿಲ್ಲ, ಮುಖವಿಲ್ಲ. "ನಾವು ಇನ್ನೂ ಇದ್ದೇವೆ" ಅನ್ನುವುದೊಂದೇ ಅವರ ಮಾತು. ಅಲ್ಲಿ ಮುಖವಿರುವ ಚಿತ್ರಗಳೂ ಇವೆ: ಸತ್ತವರ ಮುಖ, ಕೆಳಗೆ ಹೆಸರು, ತಾರೀಖು, ಎದುರಿಗೆ ಹೂವು. ವೀರಗಲ್ಲಿಗೆ ಹತ್ತಿರ ಬರುವುದು ಅವು. ಈ ಎರಡನ್ನೂ ಒಂದೇ ಎಂದುಕೊಂಡರೆ ಅಳಿಸಬೇಕೋ ಉಳಿಸಬೇಕೋ ಎಂಬ ಚರ್ಚೆ ಎಲ್ಲಿಗೂ ಮುಟ್ಟುವುದಿಲ್ಲ. ಆ ಗೋಡೆಗಳ ನಡುವೆ ಹಲವು ವರ್ಷ ಓಡಾಡಿ, ಚಿತ್ರ ಬರೆದವರ ಜೊತೆಗೂ ಅವುಗಳೆದುರಿಗೆ ಬದುಕುವವರ ಜೊತೆಗೂ ಕೂತು ಮಾತಾಡಿದ ಮೇಲೆ ನನಗೆ ಗಟ್ಟಿಯಾದ ನಂಬಿಕೆ ಇದು.

ಅಂಚುಗಲ್ಲಿನ ಬಣ್ಣ ನೋಡಿದರೆ ಅದು ಲಾಯಲಿಸ್ಟರ ಬೀದಿ, ಅಂದರೆ ಬ್ರಿಟನ್ನಿನ ಜೊತೆಗೇ ಉಳಿಯಬೇಕೆನ್ನುವ ಪ್ರಾಟೆಸ್ಟೆಂಟ್ ದುಡಿಯುವ ವರ್ಗದ್ದು. ಐರ್‌ಲೆಂಡಿಗೆ ಸೇರಬೇಕೆನ್ನುವ ಕ್ಯಾಥೊಲಿಕ್ ರಿಪಬ್ಲಿಕನ್ನರ ಬೀದಿಯಾಗಿದ್ದರೆ ಹಸಿರು, ಬಿಳಿ, ಕಿತ್ತಳೆ ಇರುತ್ತಿತ್ತು. 1960ರ ದಶಕದ ಕೊನೆಯಿಂದ 1998ರ ಶಾಂತಿ ಒಪ್ಪಂದದವರೆಗೆ ಈ ಎರಡು ಕಡೆಯವರ ನಡುವೆ ನಡೆದ ಕಾಳಗದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಇಡೀ ಉತ್ತರ ಐರ್‌ಲೆಂಡಿನ ಜನಸಂಖ್ಯೆಯೇ ಇಂದಿಗೂ ಇಪ್ಪತ್ತು ಲಕ್ಷ ಮುಟ್ಟಿಲ್ಲ. ಅಷ್ಟು ಚಿಕ್ಕ ನಾಡಿನಲ್ಲಿ ಸತ್ತವನ ಮನೆಯವರೂ ಕೊಂದವನ ಮನೆಯವರೂ ಒಂದೇ ಅಂಗಡಿಗೆ ಹಾಲು ತರಲು ಹೋಗಬೇಕಾಗುತ್ತದೆ.

ಗೋಡೆಗೆ ಚಿತ್ರ ಬರೆಯುವ ರೂಢಿ ಕಾಳಗಕ್ಕಿಂತ ಹಳೆಯದು. 1908ರಲ್ಲಿ ಬೆಲ್‌ಫಾಸ್ಟ್‌ನ ಬೀರ್ಸ್‌ಬ್ರಿಜ್ ರಸ್ತೆಯಲ್ಲಿ ಹಡಗುಕಟ್ಟೆಯ ಕೆಲಸಗಾರನೊಬ್ಬ ಕುದುರೆಯೇರಿದ ದೊರೆ ವಿಲಿಯಮ್‌ನನ್ನು ಬರೆದ. 1690ರ ಬಾಯ್ನ್ ನದಿಯ ಕದನದಲ್ಲಿ ಕ್ಯಾಥೊಲಿಕ್ ದೊರೆ ಜೇಮ್ಸ್‌ನನ್ನು ಸೋಲಿಸಿದ ಪ್ರಾಟೆಸ್ಟೆಂಟ್ ದೊರೆ ಅವನು. ಆ ಗೆಲುವಿನ ಹಬ್ಬ ಪ್ರತಿ ಜುಲೈ 12ಕ್ಕೆ. ಹಬ್ಬದ ಮುಂಚೆ ನಾವು ಮನೆಗೆ ಸುಣ್ಣ ಬಳಿಸುವ ಹಾಗೆ ಅವರು ಗೋಡೆ ಮೇಲಿನ ವಿಲಿಯಮ್‌ನಿಗೆ ಹೊಸ ಬಣ್ಣ ಕೊಡುತ್ತಿದ್ದರು. ಸಾಲುಮನೆಗಳ ಕೊನೆಯ ಮನೆಗೆ ಕಿಟಕಿಯಿಲ್ಲದ ಬೋಳುಗೋಡೆ ಇರುತ್ತದಲ್ಲ, ಅದಕ್ಕೆ ಅಲ್ಲಿಯವರು ಗೇಬಲ್ ಎನ್ನುತ್ತಾರೆ. ದೊಡ್ಡ ಚಿತ್ರಕ್ಕೆ ಹೇಳಿ ಮಾಡಿಸಿದ ಜಾಗ.

ಆಗ ಕ್ಯಾಥೊಲಿಕ್ ಬೀದಿಗಳಲ್ಲಿ ಇಂಥ ಚಿತ್ರಗಳಿರಲಿಲ್ಲ. ಆಸೆಯಿಲ್ಲವೆಂದಲ್ಲ. ಆಡಳಿತ, ಪೊಲೀಸು ಎರಡೂ ಇನ್ನೊಂದು ಕಡೆಯವರ ಕೈಯಲ್ಲಿತ್ತು. 1954ರ ಬಾವುಟ ಮತ್ತು ಲಾಂಛನಗಳ ಕಾಯಿದೆ ಬ್ರಿಟಿಷ್ ಬಾವುಟಕ್ಕೆ ರಕ್ಷಣೆ ಕೊಟ್ಟಿತು, ಐರಿಷ್ ಬಾವುಟವನ್ನು ಪೊಲೀಸರು ಕಿತ್ತುಹಾಕಲು ದಾರಿ ಮಾಡಿತು. ಹೀಗಾಗಿ ಆ ಕಡೆಯ ಮೊದಲ ಹೆಸರಾಂತ ಗೋಡೆಯ ಮೇಲೆ ಚಿತ್ರವೇ ಇಲ್ಲ, ಅಕ್ಷರ ಮಾತ್ರ. 1969ರ ಜನವರಿಯಲ್ಲಿ ಡೆರಿ ನಗರದ ಬಾಗ್‌ಸೈಡ್‌ನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೊಡೆದ ರಾತ್ರಿಯ ಬೆನ್ನಿಗೇ, ಒಂದು ಮನೆಯ ಗೇಬಲ್ ಮೇಲೆ "ನೀವೀಗ ಸ್ವತಂತ್ರ ಡೆರಿಯನ್ನು ಪ್ರವೇಶಿಸುತ್ತಿದ್ದೀರಿ" ಎಂಬ ಸಾಲು ಎದ್ದಿತು. ಮುಂದೆ ಆ ಮನೆಸಾಲನ್ನೆಲ್ಲ ಕೆಡವಿದರು. ಆ ಒಂದು ಗೋಡೆಯನ್ನು ಮಾತ್ರ ಮುಟ್ಟಲಿಲ್ಲ. ಹಿಂದೆ ಮನೆಯಿಲ್ಲದೆ ರಸ್ತೆಯ ನಡುವೆ ಅದು ಈಗಲೂ ಒಂಟಿಯಾಗಿ ನಿಂತಿದೆ.

ಗೋಡೆಗೆ ಬಣ್ಣ ಹಚ್ಚುವುದು ಆಗ ಜೀವದ ಮೇಲಿನ ಕೆಲಸವಾಗಿತ್ತು. 1980ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಗೋಡೆಯ ಮೇಲೆ ಘೋಷಣೆ ಬರೆಯುತ್ತಿದ್ದ ಹದಿನಾರು ವರ್ಷದ ಹುಡುಗನನ್ನು ಪೊಲೀಸನೊಬ್ಬ ಗುಂಡಿಕ್ಕಿ ಕೊಂದ. ಕೈಯಲ್ಲಿದ್ದ ಬ್ರಷ್ಷು ಬಂದೂಕಿನಂತೆ ಕಂಡಿತು ಎಂಬುದು ಅವನ ವಾದ. ಕೋರ್ಟು ಅವನನ್ನು ಬಿಟ್ಟಿತು.

ಮರುವರ್ಷ ಎಲ್ಲ ಬದಲಾಯಿತು. ತಮ್ಮನ್ನು ರಾಜಕೀಯ ಕೈದಿಗಳೆಂದು ಒಪ್ಪಬೇಕೆಂದು ಮೇಜ್ ಜೈಲಿನಲ್ಲಿ ರಿಪಬ್ಲಿಕನ್ ಕೈದಿಗಳು ಅನ್ನ ಬಿಟ್ಟರು. ಬಾಬಿ ಸ್ಯಾಂಡ್ಸ್ 66 ದಿನ ಉಪವಾಸವಿದ್ದು 1981ರ ಮೇ 5ರಂದು ತೀರಿಕೊಂಡ, ವಯಸ್ಸು 27. ಸಾಯುವ ಒಂದು ತಿಂಗಳ ಮುಂಚೆಯಷ್ಟೇ ಜನ ಅವನನ್ನು ಬ್ರಿಟಿಷ್ ಸಂಸತ್ತಿಗೆ ಆರಿಸಿದ್ದರು. ಅವನ ಹಿಂದೆ ಇನ್ನೂ ಒಂಬತ್ತು ಜನ ಹೋದರು. ಆ ಬೇಸಿಗೆಯಲ್ಲಿ ಕ್ಯಾಥೊಲಿಕ್ ಬೀದಿಗಳಲ್ಲಿ ಹುಡುಗ ಹುಡುಗಿಯರು ಸಿಕ್ಕಿದ ಬಣ್ಣ ಹಿಡಿದು ಗೋಡೆಗಿಳಿದರು. ಚಿತ್ರಕಲೆ ಕಲಿತವರು ಅವರಲ್ಲಿ ವಿರಳ. ಈಗ ಫಾಲ್ಸ್ ರಸ್ತೆಯಲ್ಲಿ ಸೆವಾಸ್ಟೊಪೋಲ್ ಬೀದಿಯ ಮೂಲೆಯಲ್ಲಿ ಪ್ರವಾಸಿಗರು ಫೋಟೊ ತೆಗೆಯುವ ನಗುಮುಖದ ಸ್ಯಾಂಡ್ಸ್ ಚಿತ್ರ ಬಹಳ ಈಚಿನದು. ಅದರ ಮೇಲೆ ಅವನದೇ ಮಾತಿದೆ: ನಮ್ಮ ಮಕ್ಕಳ ನಗುವೇ ನಾವು ತೀರಿಸಿಕೊಳ್ಳುವ ಸೇಡು. ಆ ಸಾಲನ್ನು ಓದಿ ನನ್ನ ಗಂಟಲು ಕಟ್ಟಿದೆ. ಅವನಿದ್ದ ಐಆರ್‌ಎ ಎಂಬ ರಿಪಬ್ಲಿಕನ್ ಸಶಸ್ತ್ರ ಗುಂಪು ಇಟ್ಟ ಬಾಂಬುಗಳಿಂದ ಎಷ್ಟೋ ಮಕ್ಕಳ ನಗು ಅಡಗಿತು ಎಂಬುದೂ ಅದೇ ಕ್ಷಣ ನೆನಪಾಗಿದೆ. ಅಲ್ಲಿ ನಿಂತವರು ಎರಡನ್ನೂ ಒಟ್ಟಿಗೆ ಹೊರಬೇಕು.

ನಿಮ್ಮ ಮೊಮ್ಮಗಳು ನೋಡುವಂಥ ಮುಖವಿಲ್ಲದವರು ಲಾಯಲಿಸ್ಟ್ ಗೋಡೆಗಳಲ್ಲಿ ದಟ್ಟವಾಗಿ ಕಾಣಿಸಿಕೊಂಡದ್ದು 1980ರ ದಶಕದ ನಡುವಿನಿಂದ. ದೊರೆ ವಿಲಿಯಮ್ ಹಿಂದೆ ಸರಿದ. ಯುವಿಎಫ್, ಯುಡಿಎ ಎಂಬ ಸಶಸ್ತ್ರ ಗುಂಪುಗಳ ಮುಸುಕುಧಾರಿಗಳು ಮುಂದೆ ಬಂದರು. ಶಾಂಕಿಲ್ ಕೆಳಬಡಾವಣೆಯಲ್ಲಿ ಒಂದು ಹೆಸರುವಾಸಿ ಚಿತ್ರವಿತ್ತು. ಯಾವ ಕಡೆ ನಡೆದರೂ ಬಂದೂಕಿನ ನಳಿಗೆ ನಿಮ್ಮನ್ನೇ ಹಿಂಬಾಲಿಸಿದ ಹಾಗೆ ಕಾಣುತ್ತಿದ್ದರಿಂದ ಅದಕ್ಕೆ ಮೋನಾಲಿಸಾ ಎಂದೇ ಹೆಸರು ಬಿದ್ದಿತ್ತು. ಆ ನಳಿಗೆ ಯಾರ ಕಡೆಗಿತ್ತು ಎಂಬುದನ್ನು ಹೊರಗಿನವರು ಸಾಮಾನ್ಯವಾಗಿ ತಪ್ಪು ತಿಳಿಯುತ್ತಾರೆ. ಕ್ಯಾಥೊಲಿಕ್ಕರು ಆ ಬಡಾವಣೆಯೊಳಕ್ಕೆ ಬರುವುದೇ ಅಪರೂಪ. ದಿನವೂ ಅದನ್ನು ನೋಡುತ್ತಿದ್ದದ್ದು ಅಲ್ಲಿಯದೇ ಹೆಂಗಸರು, ಮಕ್ಕಳು, ಅಂಗಡಿಯವರು. 2000ದ ಆಗಸ್ಟಿನಲ್ಲಿ ಯುವಿಎಫ್ ಮತ್ತು ಯುಡಿಎ ತಮ್ಮತಮ್ಮೊಳಗೇ ಹೊಡೆದಾಡಿಕೊಂಡಾಗ ಶಾಂಕಿಲ್‌ನ ಎಷ್ಟೋ ಪ್ರಾಟೆಸ್ಟೆಂಟ್ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಯಾವ ಬೀದಿ ಯಾರದು ಎಂದು ಹೇಳುತ್ತಿದ್ದದ್ದು ಈ ಚಿತ್ರಗಳೇ. ಮುಖವಿಲ್ಲದ ಚಿತ್ರ ಶತ್ರುವಿಗಿಂತ ಹೆಚ್ಚಾಗಿ ಸ್ವಂತ ಜನರನ್ನು ಹದ್ದುಬಸ್ತಿನಲ್ಲಿಡುತ್ತದೆ. ಯಾರು ಬಾಯಿ ಬಿಡಬಾರದು, ಯಾರಿಗೆ ಹಫ್ತಾ ಸಲ್ಲಬೇಕು, ಎಲ್ಲವನ್ನೂ ಅದು ಒಂದಕ್ಷರವಿಲ್ಲದೆ ತಿಳಿಸುತ್ತದೆ.

ಒಂದು ವಿಷಯ ಮಾತ್ರ ನನ್ನನ್ನು ಇಂದಿಗೂ ಬಿಡದೆ ಕಾಡುತ್ತದೆ. ಕೂ ಹುಲಿನ್ ಐರಿಷ್ ಪುರಾಣದ ವೀರ. ಸಾಯುವಾಗಲೂ ಶತ್ರುವಿನ ಮುಂದೆ ಬೀಳಬಾರದೆಂದು ತನ್ನನ್ನು ಕಲ್ಲುಕಂಬಕ್ಕೆ ಕಟ್ಟಿಕೊಂಡು ನಿಂತೇ ಸತ್ತವನು. ಬ್ರಿಟಿಷರ ವಿರುದ್ಧ ನಡೆದ 1916ರ ಬಂಡಾಯದ ನೆನಪಿಗೆ ಡಬ್ಲಿನ್‌ನ ಮುಖ್ಯ ಅಂಚೆ ಕಚೇರಿಯಲ್ಲಿ ಅವನ ಪ್ರತಿಮೆಯಿದೆ, ಹೀಗಾಗಿ ಅವನು ರಿಪಬ್ಲಿಕನ್ನರಿಗೆ ಪೂಜ್ಯ. ಪೂರ್ವ ಬೆಲ್‌ಫಾಸ್ಟ್‌ನ ನ್ಯೂಟೌನಾರ್ಡ್ಸ್ ರಸ್ತೆಯ ಲಾಯಲಿಸ್ಟ್ ಗೋಡೆಯ ಮೇಲೂ ಅದೇ ಕೂ ಹುಲಿನ್, ಅದೇ ಭಂಗಿಯಲ್ಲಿ ನಿಂತ. ಅಲ್ಲಿ ಅವನು ದಕ್ಷಿಣದ ಐರಿಷರಿಂದ ಉತ್ತರದ ಅಲ್‌ಸ್ಟರ್ ನಾಡನ್ನು ಕಾಯ್ದವನು. ಒಬ್ಬನೇ ಸತ್ತವನನ್ನು ಎರಡೂ ಕಡೆಯವರು ತಮ್ಮ ಮನೆಯ ಹಿರಿಯನೆಂದು ಎತ್ತಿಕೊಂಡಿದ್ದಾರೆ.

ಇನ್ನು ಮುಖವಿರುವ ಚಿತ್ರಗಳು. ಡೆರಿಯ ಬಾಗ್‌ಸೈಡ್‌ನಲ್ಲಿ ಟಾಮ್ ಕೆಲ್ಲಿ, ಅವರ ಸೋದರ ವಿಲಿಯಂ ಕೆಲ್ಲಿ, ಗೆಳೆಯ ಕೆವಿನ್ ಹ್ಯಾಸನ್ ಈ ಮೂವರು 1994ರಿಂದ ಸುಮಾರು ಹದಿನಾಲ್ಕು ವರ್ಷ ರಾಸ್‌ವಿಲ್ ಬೀದಿಯ ಉದ್ದಕ್ಕೂ ಹನ್ನೆರಡು ದೊಡ್ಡ ಚಿತ್ರ ಬರೆದರು. 1972ರ ಜನವರಿ 30ರ ಭಾನುವಾರ, ಅದೇ ಬೀದಿಯಲ್ಲಿ ಬ್ರಿಟಿಷ್ ಸೈನಿಕರು ನಿರಾಯುಧ ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು. ಅಂದೇ 13 ಜನ ಸತ್ತರು, ಗಾಯಗೊಂಡಿದ್ದ ಇನ್ನೊಬ್ಬರು ಆಮೇಲೆ. ಮೊದಲ ಸರ್ಕಾರಿ ವಿಚಾರಣೆ ಸೈನಿಕರ ಪರ ಹೇಳಿ ಕೈತೊಳೆದುಕೊಂಡಿತು. 1997ರಲ್ಲಿ ಈ ಮೂವರು ಸತ್ತ 14 ಜನರ ಮುಖ ಬರೆದು ಸುತ್ತ 14 ಓಕ್ ಎಲೆ ಇಟ್ಟರು. ಡೆರಿ ಎಂಬ ಹೆಸರಿಗೆ ಓಕ್ ತೋಪು ಎಂದೇ ಅರ್ಥ. ಸತ್ತವರು ತಪ್ಪು ಮಾಡಿರಲಿಲ್ಲ ಎಂದು ಸ್ಯಾವಿಲ್ ವಿಚಾರಣಾ ವರದಿ ಹೇಳಿದ್ದು, ಪ್ರಧಾನಿ ಕ್ಯಾಮರೂನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2010ರ ಜೂನ್ 15ರಂದು. ಅಂದರೆ ಹದಿಮೂರು ವರ್ಷ ಆ ಗೋಡೆ ಸರ್ಕಾರಿ ದಾಖಲೆಗೆ ಎದುರಾಗಿ ನಿಂತಿತ್ತು. ಯಾರಾದರೂ "ಹಳೇ ಗಾಯ ಕೆದಕಬೇಡಿ" ಎಂದು ಅದಕ್ಕೆ ಬಣ್ಣ ಬಳಿದಿದ್ದರೆ ಅದು ಶಾಂತಿಯ ಕೆಲಸವಾಗುತ್ತಿರಲಿಲ್ಲ. ಸುಳ್ಳು ದಾಖಲೆಯ ಮೇಲೆ ಇನ್ನೊಂದು ಮೊಹರು ಒತ್ತಿದ ಹಾಗಾಗುತ್ತಿತ್ತು.

ಹಾಗಾದರೆ ಸತ್ತವರ ಮುಖವೆಲ್ಲ ಗೋಡೆಯ ಮೇಲೆ ಉಳಿಯಲಿ ಎಂದೇ? ಅಷ್ಟು ಸಲೀಸಲ್ಲ. 1993ರ ಅಕ್ಟೋಬರ್ 23ರಂದು ಶಾಂಕಿಲ್ ರಸ್ತೆಯ ಮೀನಿನಂಗಡಿಯಲ್ಲಿ ಐಆರ್‌ಎ ಬಾಂಬು ಸಿಡಿದು ಒಂಬತ್ತು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಬಾಂಬು ತಂದ ಇಬ್ಬರಲ್ಲಿ ಒಬ್ಬ ಅಲ್ಲೇ ಸತ್ತ. ಇಪ್ಪತ್ತು ವರ್ಷದ ನೆನಪಿಗೆ, 2013ರಲ್ಲಿ, ಅವನ ಊರುಕೇರಿ ಅರ್ಡಾಯ್ನ್‌ನಲ್ಲಿ ಅವನ ಹೆಸರಿನ ಫಲಕ ಅನಾವರಣವಾಯಿತು. ಅರ್ಡಾಯ್ನ್‌ನಿಂದ ಆ ಅಂಗಡಿಯಿದ್ದ ಜಾಗಕ್ಕೆ ನಡೆದೇ ಹೋಗಬಹುದು. ಅವನ ತಾಯಿಗೆ ಅವನು ಮಗನೇ, ಅವಳ ಅಳುವನ್ನು ಯಾರೂ ಕಿತ್ತುಕೊಳ್ಳುವ ಹಾಗಿಲ್ಲ. ಆದರೆ ಬೀದಿಯ ಗೋಡೆ ಒಬ್ಬ ತಾಯಿಯ ಮನೆಯೊಳಗಿನ ಗೋಡೆಯಲ್ಲ. ಮಗಳನ್ನು ಕಳೆದುಕೊಂಡ ಇನ್ನೊಬ್ಬ ತಂದೆಯೂ ಆ ಊರಿನಲ್ಲೇ ಬಸ್ಸಿಗೆ ಕಾಯುತ್ತಾನೆ. ವೀರಗಲ್ಲಿನ ಹೋಲಿಕೆ ಮುರಿದು ಬೀಳುವುದು ಇಲ್ಲಿಯೇ: ತುರುಗೋಳಿನಲ್ಲಿ ಎದುರಾದವರ ಮನೆಯವರು ಇವತ್ತು ಆ ಕಲ್ಲಿನ ಎದುರು ಬಂದು ನಿಲ್ಲುವುದಿಲ್ಲ. ಎರಡೂ ಕಡೆ ನೂರಾರು ಗೋಡೆ ನೋಡಿದ್ದೇನೆ. ತಮ್ಮ ಕಡೆಯವರು ಕೊಂದವರ ಮುಖವನ್ನು ತಮ್ಮದೇ ಬೀದಿಯಲ್ಲಿ ಬರೆದುಕೊಂಡದ್ದನ್ನು ನಾನು ಕಂಡಿಲ್ಲ.

ಸರ್ಕಾರ ಯಾಕೆ ಅಳಿಸುವುದಿಲ್ಲ ಎಂದು ಕೇಳಿದ್ದೀರಿ. ಪ್ರಯತ್ನ ನಡೆದಿದೆ. 2006ರಲ್ಲಿ ಅಲ್ಲಿನ ಆರ್ಟ್ಸ್ ಕೌನ್ಸಿಲ್ 'ರೀ-ಇಮೇಜಿಂಗ್ ಕಮ್ಯೂನಿಟೀಸ್' ಎಂಬ ಯೋಜನೆ ಶುರುಮಾಡಿತು, ಮೊತ್ತ 33 ಲಕ್ಷ ಪೌಂಡ್. ಬಂದೂಕಿನ ಚಿತ್ರ ತೆಗೆದು ಬೇರೆ ಚಿತ್ರ ಬರೆಸಲು ಒಪ್ಪುವ ಬಡಾವಣೆಗೆ ಹಣ, ಕಲಾವಿದರು ಎರಡೂ ಸಿಗುತ್ತಿತ್ತು. ಶಾಂಕಿಲ್ ಕೆಳಬಡಾವಣೆಯಲ್ಲಿ ಹೀಗೆ ಬಂದ ಒಂದು ಚಿತ್ರ ನನಗೆ ಬಹಳ ಇಷ್ಟ. 1969ರಲ್ಲಿ ಕೆಡವಿದ ಮನೆಯ ಮಣ್ಣಿನಲ್ಲಿ ಆಡುತ್ತಿದ್ದ ಮಕ್ಕಳಿಗೆ ಚಿನ್ನದ ನಾಣ್ಯಗಳು ಸಿಕ್ಕಿ ಬೀದಿಗೆ ಬೀದಿಯೇ ಗುದ್ದಲಿ ಹಿಡಿದು ಓಡಿ ಬಂದಿತ್ತಂತೆ, ಆ ದಿನದ ಚಿತ್ರ. ಅಲ್ಲಿನ ಹಿರಿಯರು ಮೊಮ್ಮಕ್ಕಳಿಗೆ ಹೇಳುತ್ತಿದ್ದ ಕಥೆ ಗೋಡೆಗೆ ಏರಿತು. ಸ್ಯಾಂಡಿ ರೋದಲ್ಲಿ "ನೀವೀಗ ಲಾಯಲಿಸ್ಟ್ ಸ್ಯಾಂಡಿ ರೋವನ್ನು ಪ್ರವೇಶಿಸುತ್ತಿದ್ದೀರಿ" ಎಂಬ ಸಾಲಿನ ಪಕ್ಕ ಮುಸುಕಿನ ಬಂದೂಕುಧಾರಿ ಇದ್ದ. ಆ ಸಾಲು ಡೆರಿಯವರಿಂದ ಎರವಲು ತಂದದ್ದು ಎಂದು ನಿಮಗೆ ಈಗ ಗೊತ್ತಾಗುತ್ತದೆ. 2012ರಲ್ಲಿ ಅದು ಹೋಗಿ ಮತ್ತೆ ದೊರೆ ವಿಲಿಯಮ್ ಬಂದ. 1908ಕ್ಕೇ ಮರಳಿದ ಹಾಗಾಯಿತು ಎಂದು ಕೆಲವರು ಮೂಗು ಮುರಿದರು. ಆರು ವರ್ಷದ ಮಗುವಿನ ದಾರಿಯಲ್ಲಿ ಮುಸುಕಿನ ಬಂದೂಕಿಗಿಂತ ಕುದುರೆಯೇರಿದ ದೊರೆ ಸಾವಿರ ಪಾಲು ವಾಸಿ ಎನ್ನುವವನು ನಾನು.

ಆದರೆ 2013ರಲ್ಲಿ ಪೂರ್ವ ಬೆಲ್‌ಫಾಸ್ಟ್‌ನಲ್ಲಿ ಏನಾಯಿತು ನೋಡಿ. ಅಲ್ಲೇ ಹುಟ್ಟಿ ಬೆಳೆದ ಫುಟ್‌ಬಾಲ್ ಆಟಗಾರ ಜಾರ್ಜ್ ಬೆಸ್ಟ್‌ನ ಚಿತ್ರ ಒಂದು ಗೋಡೆಯ ಮೇಲಿತ್ತು. ಅದರ ಮೇಲೇ ಬಣ್ಣ ಬಳಿದು ಯುವಿಎಫ್‌ನವರ ಮುಸುಕಿನ ಬಂದೂಕುಧಾರಿ ಎದ್ದ. ಸ್ವಂತ ಊರಿನ ಮಗನನ್ನೇ ಅಳಿಸಿದರು, ಜನ ಕೆರಳಿದರು. ಹಿಂದಿನ ವರ್ಷಗಳಲ್ಲಿ ಆ ಭಾಗದಲ್ಲಿ ಯುವಿಎಫ್ ಮತ್ತೆ ಬಲಿತಿತ್ತು, ಅದನ್ನು ಗೋಡೆಯ ಮೂಲಕ ಸಾರಿತು. ಬಹಳಷ್ಟು ಗೋಡೆಗಳು ಸರ್ಕಾರಿ ವಸತಿ ಸಂಸ್ಥೆಯ ಮನೆಗಳವು. ಕಾಗದದ ಮೇಲೆ ಮಾಲೀಕರು ಅವರೇ. ಆದರೆ ಚಿತ್ರ ಬರೆಯಲು ಯಾರೂ ಅವರ ಅಪ್ಪಣೆ ಕೇಳುವುದಿಲ್ಲ, ಅಳಿಸಲು ಕೆಲಸಗಾರರನ್ನು ಏಣಿ ಕೊಟ್ಟು ಕಳಿಸುವ ಧೈರ್ಯ ಅವರಿಗಿಲ್ಲ. ಕಳಿಸಿದರೂ ಆ ಕೆಲಸಗಾರರ ಮನೆ ಎಲ್ಲಿ ಎಂದು ಮಾರನೆಯ ದಿನ ಯಾರಾದರೂ ವಿಚಾರಿಸುತ್ತಾರೆ. ನೀವು ಹೇಳಿದ ಆ ಒಂದು ಡಬ್ಬ ಬಣ್ಣ ಅಗ್ಗ. ಅದನ್ನು ಹಚ್ಚಿದ ಮೇಲೆ ಅದೇ ಬೀದಿಯಲ್ಲಿ ಬದುಕುವುದು ದುಬಾರಿ. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಬಡಾವಣೆಗಳ ನಡುವೆ 1969ರಿಂದ ಎದ್ದ ಎತ್ತರದ ತಡೆಗೋಡೆಗಳನ್ನೆಲ್ಲ 2023ರೊಳಗೆ ತೆಗೆಯುತ್ತೇವೆಂದು ಸರ್ಕಾರ 2013ರಲ್ಲಿ ಮಾತು ಕೊಟ್ಟಿತ್ತು. ಗಡುವು ಮುಗಿಯಿತು, ಬಹುಪಾಲು ಗೋಡೆಗಳು ಹಾಗೇ ಇವೆ. ಕಾರಣ ಅದೇ: ಗೋಡೆಗೆ ಅಂಟಿಕೊಂಡು ಮನೆ ಇರುವವರು ಇನ್ನೂ ಬೇಡ ಎನ್ನುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಮುಖವಿಲ್ಲದ ಬಂದೂಕುಧಾರಿಗಳು ಹೋಗಲೇಬೇಕು. ಅದರಲ್ಲಿ ಕಾಪಾಡಬೇಕಾದ ಪರಂಪರೆ ಏನೂ ಇಲ್ಲ. ಅದು ಈ ಹೊತ್ತಿನ ಬೆದರಿಕೆ. ಟ್ಯಾಕ್ಸಿ ಪ್ರವಾಸಗಳ ಬಗೆಗೂ ನನಗೆ ಇದೇ ಸಂಕಟ. ಎಷ್ಟೋ ಚಾಲಕರು ಆ ದಿನಗಳನ್ನು ಸ್ವತಃ ಬದುಕಿದವರು, ಅವರ ಬಾಯಲ್ಲಿ ಕಥೆ ಕೇಳಬೇಕು, ಅವರಿಗದು ಹೊಟ್ಟೆಪಾಡೂ ಹೌದು. ಆದರೆ ಫೋಟೊ ತೆಗೆಯುವವರ ಸಾಲು ದಿನವೂ ಬಂದು ನಿಂತರೆ ಆ ಬಂದೂಕಿಗೆ ಹೊಸ ಮರ್ಯಾದೆ ಬಂದುಬಿಡುತ್ತದೆ. ಇಷ್ಟೆಲ್ಲ ಹೇಳಿಯೂ, ಅಳಿಸುವ ಕೈ ಆ ಬೀದಿಯದೇ ಆಗಿರಬೇಕು ಎನ್ನುತ್ತೇನೆ. ಮೊದಲು ಪೊಲೀಸರು ಆ ಗುಂಪಿನ ಹಫ್ತಾ ವಸೂಲಿ ನಿಲ್ಲಿಸಲಿ, ಬೀದಿಯ ತಾಯಂದಿರು ಹೆದರಿಕೆಯಿಲ್ಲದೆ ಸಭೆಯಲ್ಲಿ ಮಾತಾಡುವಂತಾಗಲಿ. ಆಗ ಏಣಿ ತಾನಾಗಿ ಬರುತ್ತದೆ.

ಅಂಥ ಕೈಗಳು ಅಲ್ಲಿ ಹುಟ್ಟಿಕೊಂಡಿವೆ. ಡ್ಯಾನಿ ಡೆವೆನಿ ಐಆರ್‌ಎಯಲ್ಲಿದ್ದು ಜೈಲು ಕಂಡವರು, ಆ ಸ್ಯಾಂಡ್ಸ್ ಚಿತ್ರ ಬರೆದವರು. ಮಾರ್ಕ್ ಅರ್ವಿನ್ ಯುವಿಎಫ್‌ನಲ್ಲಿದ್ದು ಜೈಲು ಕಂಡು ಮುಂದೆ ಶಾಂತಿ ಒಪ್ಪಂದಕ್ಕೆ ದುಡಿದ ಡೇವಿಡ್ ಅರ್ವಿನ್‌ರ ಮಗ. ತಂದೆ ತೀರಿಕೊಂಡ 2007ರಲ್ಲಿ ಇವರಿಬ್ಬರೂ ಸೇರಿ ಫಾಲ್ಸ್ ರಸ್ತೆಯ ಗೋಡೆಯ ಮೇಲೆ ಪಿಕಾಸೊನ ಗೆರ್ನಿಕಾ ಚಿತ್ರವನ್ನು ಮತ್ತೆ ಬರೆದರು: ಬಾಂಬಿನಡಿ ಸಿಕ್ಕ ಊರಿನ ಹೆಂಗಸರು, ಮಕ್ಕಳು, ಕುದುರೆ. ಯಾರ ಕಡೆಯ ಸತ್ತವರೂ ಅಲ್ಲದ್ದರಿಂದ ಇಬ್ಬರಿಗೂ ಆ ಗೋಡೆಯಲ್ಲಿ ಜಾಗ ಸಿಕ್ಕಿತು.

ನಿಮ್ಮ ಮಗಳಿಗೆ ಒಂದು ಮಾತು. 2024ರ ಆಗಸ್ಟಿನಲ್ಲಿ ಬೆಲ್‌ಫಾಸ್ಟ್‌ನಲ್ಲಿ ವಲಸಿಗರ ಅಂಗಡಿಗಳಿಗೆ ಬೆಂಕಿ ಬಿತ್ತು. ಹೀಗಾಗಿ "ಅದು ಅವರವರ ಹಳೇ ಜಗಳ, ನಮಗೇನು" ಎಂದು ನಾನು ಹೇಳಲಾರೆ. ಬೀದಿಯ ನೆರೆಯವರು ಒಳ್ಳೆಯವರೇ ಇರುತ್ತಾರೆ, ನನ್ನ ಅನುಭವವೂ ಅದೇ. ಆದರೂ ಮುಂದಿನ ಸಲ ಮನೆ ಹಿಡಿಯುವ ಮುಂಚೆ ಆಸ್ಪತ್ರೆಯಲ್ಲಿ ಆ ಊರಿನವರೇ ಆದ ಸಹೋದ್ಯೋಗಿಗಳನ್ನು, ಎರಡೂ ಕಡೆಯವರನ್ನು, ಕೇಳಲಿ. ಯಾವ ಬೀದಿಯ ಗೋಡೆ ಏನು ಹೇಳುತ್ತದೆ ಎಂದು ಅವರು ಓದಿ ಹೇಳುತ್ತಾರೆ.

ಮೊಮ್ಮಗಳಿಗೆ ಏನು ಹೇಳುವುದು? ಕಳ್ಳರೂ ಅಲ್ಲ, ಪೊಲೀಸರೂ ಅಲ್ಲ; ಹಿಂದೆ ಇಲ್ಲಿ ದೊಡ್ಡ ಜಗಳವಾಗಿತ್ತು, ಜಗಳ ನಿಂತ ಮೇಲೂ ಜನ ತಮ್ಮನ್ನು ಕಂಡು ಹೆದರಲಿ ಎಂದು ಕೆಲವರು ಹೀಗೆ ಬರೆಸಿಕೊಂಡಿದ್ದಾರೆ ಎಂದು ಇದ್ದದ್ದನ್ನೇ ಹೇಳಿ. ಆರು ವರ್ಷಕ್ಕೆ ಅಷ್ಟು ಅರ್ಥವಾಗುತ್ತದೆ. ಸ್ವಲ್ಪ ದೊಡ್ಡವಳಾದ ಮೇಲೆ ಅವಳನ್ನು ಡೆರಿಗೆ ಕರೆದೊಯ್ಯಲು ಮಗಳಿಗೆ ಹೇಳಿ. ಬೆಲ್‌ಫಾಸ್ಟ್‌ನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ನಿಲ್ದಾಣದಿಂದ ಹೊರಟು ನದಿಯ ಮೇಲಿನ ಕಾಲುಸೇತುವೆ ದಾಟಿ, ಹಳೇ ಕೋಟೆಗೋಡೆ ಹತ್ತಿ ಪಶ್ಚಿಮಕ್ಕೆ ನೋಡಿದರೆ ಕೆಳಗೆ ಬಾಗ್‌ಸೈಡ್. ಅಲ್ಲೊಂದು ಗೋಡೆಯಲ್ಲಿ ಶಾಲೆಯ ಸಮವಸ್ತ್ರದ ಹುಡುಗಿ ನಿಂತಿದ್ದಾಳೆ. ಹೆಸರು ಆನೆಟ್ ಮ್ಯಾಕ್‌ಗ್ಯಾವಿಗನ್. 1971ರ ಸೆಪ್ಟೆಂಬರಿನಲ್ಲಿ ಸೈನಿಕರ ಗುಂಡಿಗೆ ಸತ್ತಾಗ ಅವಳಿಗೆ 14 ವರ್ಷ. 1999ರಲ್ಲಿ ಆ ಮೂವರು ಕಲಾವಿದರು ಅವಳನ್ನು ಬರೆದಾಗ ಪಕ್ಕದಲ್ಲಿ ಒಂದು ಬಂದೂಕು ಇಡಿಯಾಗಿ ನಿಂತಿತ್ತು, ಮೇಲಿನ ಚಿಟ್ಟೆಗೆ ಬಣ್ಣ ತುಂಬದೆ ಗೆರೆ ಮಾತ್ರ ಬಿಟ್ಟಿದ್ದರು. ಶಾಂತಿ ನಿಲ್ಲುತ್ತದೋ ಇಲ್ಲವೋ ಅವರಿಗೂ ನಂಬಿಕೆಯಿರಲಿಲ್ಲ. 2006ರಲ್ಲಿ ಅವರೇ ಮತ್ತೆ ಏಣಿ ಹತ್ತಿ ಬಂದೂಕನ್ನು ನಡುವೆ ಮುರಿದು ಬರೆದರು, ಚಿಟ್ಟೆಗೆ ಬಣ್ಣ ತುಂಬಿದರು. ಮುಂಚಿನ ಫೋಟೊ ಅಂತರ್ಜಾಲದಲ್ಲಿ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಹಿಡಿದು ಏನು ಬದಲಾಗಿದೆ ಎಂದು ಅವಳೇ ಹುಡುಕಲಿ.